ಫಂಕ್ಷನ್ ಕೊಟ್ಟ ಉತ್ತರವನ್ನು ಕೇಳದೆ ಬಿಟ್ಟರೆ: ಸಿ ಕಂಪೈಲರ್‌ಗಳ ಒಂದು ಎಚ್ಚರಿಕೆ, ಇಪ್ಪತ್ತು ವರ್ಷಗಳ ಜಗಳ

2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಜಿಸಿಸಿ 15, ಅಂದರೆ ಗ್ನೂ ಯೋಜನೆಯ ಕಂಪೈಲರ್‌ನ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಸಾಧನದ) 15ನೇ ಆವೃತ್ತಿ, ಬೇರೆ ಸೂಚನೆ ಕೊಡದಿದ್ದರೆ ಸಿ ಪ್ರೋಗ್ರಾಮ್‌ಗಳನ್ನು ಸಿ23 ಮಾನಕದಂತೆ ಓದುತ್ತದೆ. ಅದಕ್ಕೂ ಮೊದಲು, ಜಿಸಿಸಿ 8ರಿಂದ 14ರವರೆಗೆ, ಸಿ17 ಮಾನಕವೇ ರೂಢಿಯಾಗಿತ್ತು. ಬದಲಾವಣೆಯ ಬಿಸಿ ತಟ್ಟಿದ್ದು ಹಳೆಯ ಕೋಡ್‌ಗೆ. ‘ಬೂಲ್’ ಎಂಬ ಹೆಸರನ್ನು ತಾವೇ ವ್ಯಾಖ್ಯಾನಿಸಿಕೊಂಡಿದ್ದ ಪ್ರೋಗ್ರಾಮ್‌ಗಳು ಮುರಿದು ಬಿದ್ದವು, ಏಕೆಂದರೆ ಅದೀಗ ಭಾಷೆಯ ಸ್ವಂತ ಪದ. ಖಾಲಿ ಆವರಣದೊಂದಿಗೆ ಘೋಷಿಸಿದ ಫಂಕ್ಷನ್‌ಗಳು ಮೊದಲು ಎಷ್ಟು ಆರ್ಗ್ಯುಮೆಂಟ್ ಕೊಟ್ಟರೂ ಒಪ್ಪುತ್ತಿದ್ದವು, ಈಗ ಒಂದನ್ನೂ ಒಪ್ಪುವುದಿಲ್ಲ.

ಇವನ್ನೆಲ್ಲ ಸರಿಪಡಿಸಲು ಕುಳಿತವರ ಪರದೆಯ ಮೇಲೆ ಇನ್ನೊಂದು ಬಗೆಯ ಸಂದೇಶವೂ ಸಾಲುಗಟ್ಟಿ ನಿಂತಿರುತ್ತದೆ: ಈ ಫಂಕ್ಷನ್ ಹಿಂತಿರುಗಿಸಿದ ಮೌಲ್ಯವನ್ನು ನೀವು ಬಳಸಿಲ್ಲ. ಇದು ಸಿ23 ತಂದಿಟ್ಟ ಎಚ್ಚರಿಕೆಯಲ್ಲ, ಎರಡು ದಶಕಗಳಿಂದ ಇದೆ. ಆದರೆ ‘ನೋಡಿಸ್ಕಾರ್ಡ್’ ಎಂಬ ಗುರುತಿನ ರೂಪದಲ್ಲಿ ಇದೇ ಸಂಗತಿ ಈಗ ಮಾನಕದ ಒಳಗೆ ಬಂದಿದೆ, ಆ ಮಾನಕ ಈಗ ಕಂಪೈಲರ್‌ನ ರೂಢಿಯೂ ಆಗಿದೆ. ಹಾಗಾಗಿ ಹಳೆಯ ಗೊಂದಲಗಳಿಗೆ ಹೊಸ ಓದುಗರು ಸಿಕ್ಕಿದ್ದಾರೆ. ಒಂದೇ ಪ್ರೋಗ್ರಾಮ್ ಒಂದು ಯಂತ್ರದಲ್ಲಿ ಸದ್ದಿಲ್ಲದೆ ಕಂಪೈಲ್ ಆಗುತ್ತದೆ, ಇನ್ನೊಂದರಲ್ಲಿ ಎಚ್ಚರಿಕೆಗಳ ಮಳೆ ಸುರಿಸುತ್ತದೆ. ಫಂಕ್ಷನ್ ಕರೆಯ ಮುಂದೆ ‘ವಾಯ್ಡ್’, ಅಂದರೆ ‘ಮೌಲ್ಯ ಬೇಡ’, ಎಂದು ಹಚ್ಚಿದರೆ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಸುಮ್ಮನಾಗುತ್ತದೆ, ಜಿಸಿಸಿ ಕೆಲವೊಮ್ಮೆ ಸುಮ್ಮನಾಗುತ್ತದೆ, ಕೆಲವೊಮ್ಮೆ ಇಲ್ಲ. ಎಫ್‌ರೀಡ್ ಎಂಬ ಕಡತ ಓದುವ ಫಂಕ್ಷನ್‌ಗೆ ಎಚ್ಚರಿಕೆ ಬರುತ್ತದೆ, ಎಫ್‌ರೈಟ್ ಎಂಬ ಬರೆಯುವ ಫಂಕ್ಷನ್‌ಗೆ ಬರುವುದಿಲ್ಲ. ಮೇಲ್ನೋಟಕ್ಕೆ ಹುಚ್ಚಾಟದಂತೆ ಕಾಣುವ ಈ ನಡವಳಿಕೆಗೆ ಒಂದೊಂದಾಗಿ ಕಾರಣಗಳಿವೆ. ಎಲ್ಲ ಕಾರಣಗಳೂ ಒಳ್ಳೆಯವೇ ಎಂದು ಹೇಳಲಾಗದು.

ಎಸೆಯುವುದೇ ರೂಢಿಯಾಗಿದ್ದ ಭಾಷೆ

ಸೋಲನ್ನು ಕರೆದವರಿಗೆ ತಾನಾಗಿ ತಲುಪಿಸುವ ಎಕ್ಸೆಪ್ಷನ್ ಎಂಬ ವ್ಯವಸ್ಥೆ ಸಿ ಭಾಷೆಯಲ್ಲಿಲ್ಲ. ಫಂಕ್ಷನ್ ಸೋತರೆ ಅದನ್ನು ತಿಳಿಸಲು ಇರುವ ಮುಖ್ಯ ದಾರಿ ಅದು ಹಿಂತಿರುಗಿಸುವ ಮೌಲ್ಯ. ಋಣಾತ್ಮಕ ಒಂದು, ಖಾಲಿ ಪಾಯಿಂಟರ್, ಕೇಳಿದ್ದಕ್ಕಿಂತ ಕಡಿಮೆ ಬೈಟ್‌ಗಳ ಎಣಿಕೆ, ಹೀಗೆ ಒಂದೊಂದು ಫಂಕ್ಷನ್‌ಗೆ ಒಂದೊಂದು ಪದ್ಧತಿ. ಆ ಮೌಲ್ಯವನ್ನು ನೋಡಬೇಕೋ ಬೇಡವೋ ಎಂಬುದು ಕರೆದವರಿಗೆ ಬಿಟ್ಟದ್ದು. ಕರೆಯೊಂದನ್ನು ಬರೆದು ಅರ್ಧವಿರಾಮ ಹಾಕಿದರೆ ಅದು ಪೂರ್ಣ ಹೇಳಿಕೆ. ಬಂದ ಮೌಲ್ಯ ಅಲ್ಲಿಯೇ ಬಿದ್ದುಹೋಗುತ್ತದೆ, ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ.

ಹೀಗಿರಲು ಕಾರಣ ಭಾಷೆಯ ಬಾಲ್ಯದಲ್ಲಿದೆ. ಆರಂಭದ ಸಿಯಲ್ಲಿ ‘ವಾಯ್ಡ್’ ಎಂಬ ವಿಧವೇ ಇರಲಿಲ್ಲ. ಏನನ್ನೂ ಹಿಂತಿರುಗಿಸದ ಫಂಕ್ಷನ್ ಕೂಡ ಕಾಗದದ ಮೇಲೆ ಪೂರ್ಣಾಂಕವನ್ನು ಹಿಂತಿರುಗಿಸುವಂಥದ್ದೇ ಆಗಿತ್ತು, ಏಕೆಂದರೆ ವಿಧ ಬರೆಯದಿದ್ದರೆ ಅದು ಪೂರ್ಣಾಂಕವೆಂದೇ ಲೆಕ್ಕ. ಅಂಥ ಭಾಷೆಯಲ್ಲಿ ಬಳಸದ ಮೌಲ್ಯಕ್ಕೆಲ್ಲ ಎಚ್ಚರಿಕೆ ಕೊಡುತ್ತ ಹೋದರೆ ಅರ್ಥವಿಲ್ಲದ ಕಸವನ್ನು ಎಸೆದದ್ದಕ್ಕೂ ಗದರಿದಂತಾಗುತ್ತಿತ್ತು.

ಆದರೂ ಅನುಮಾನ ಬಹಳ ಬೇಗ ಶುರುವಾಯಿತು. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ 1970ರ ದಶಕದಲ್ಲಿ ರೂಪಿಸಿದ ‘ಲಿಂಟ್’ ಎಂಬ ತಪಾಸಣಾ ಸಾಧನ, ಯಾವ ಫಂಕ್ಷನ್‌ನ ಮೌಲ್ಯವನ್ನು ಯಾವಾಗಲೂ ಕಡೆಗಣಿಸಲಾಗಿದೆ, ಯಾವುದನ್ನು ಆಗೊಮ್ಮೆ ಈಗೊಮ್ಮೆ ಕಡೆಗಣಿಸಲಾಗಿದೆ ಎಂದು ಪಟ್ಟಿ ಕೊಡುತ್ತಿತ್ತು. ಎರಡನೆಯದು ಹೆಚ್ಚು ಉಪಯುಕ್ತ ಸುಳಿವು: ಹತ್ತು ಕಡೆ ಪರೀಕ್ಷಿಸಿ ಹನ್ನೊಂದನೆಯ ಕಡೆ ಬಿಟ್ಟಿದ್ದರೆ ಅದು ಬಹುಶಃ ಮರೆವು. ಆದರೆ ಪಠ್ಯ ಮುದ್ರಿಸುವ ಪ್ರಿಂಟ್‌ಎಫ್‌ನಂಥ ಫಂಕ್ಷನ್‌ಗಳಿಂದಾಗಿ ಪಟ್ಟಿ ಉದ್ದವಾಗುತ್ತಿತ್ತು. ಲಿಂಟ್‌ನ ಬಾಯಿ ಮುಚ್ಚಿಸಲು ಪ್ರತಿ ಕರೆಯ ಮುಂದೂ ಆವರಣದಲ್ಲಿ ‘ವಾಯ್ಡ್’ ಹಚ್ಚುವ ಅಭ್ಯಾಸ ಬೆಳೆಯಿತು. ಹಳೆಯ ಯುನಿಕ್ಸ್ ಕೋಡ್ ತೆರೆದರೆ ಈ ಅಲಂಕಾರ ಈಗಲೂ ಕಣ್ಣಿಗೆ ಬೀಳುತ್ತದೆ. ಯೋಚಿಸಿ ಹಚ್ಚಿದ ವಾಯ್ಡ್ ಯಾವುದು, ಯಾಂತ್ರಿಕವಾಗಿ ಹಚ್ಚಿದ್ದು ಯಾವುದು ಎಂದು ಇಂದು ಹೇಳುವುದು ಕಷ್ಟ. ಮುಂದೆ ಬರುವ ಜಗಳಕ್ಕೆ ಈ ಇತಿಹಾಸವೂ ಸೇರಿಕೊಳ್ಳುತ್ತದೆ.

ಕೇಳದಿದ್ದರೆ ಆಗುವ ಹಾನಿ

ಹಾನಿಯಲ್ಲಿ ತರತಮಗಳಿವೆ. ಅತ್ಯಂತ ಸ್ಪಷ್ಟವಾದದ್ದು ರಿಯಾಲಾಕ್. ಮೆಮೊರಿಯ ಒಂದು ತುಂಡನ್ನು ಹಿಗ್ಗಿಸಲು ಕೇಳಿದಾಗ ಅದು ಇದ್ದ ಜಾಗದಲ್ಲೇ ಹಿಗ್ಗಬಹುದು, ಇಲ್ಲವೇ ಹೊಸ ಜಾಗಕ್ಕೆ ಸರಿದು ಹಳೆಯದನ್ನು ಬಿಟ್ಟುಕೊಡಬಹುದು. ಹೊಸ ವಿಳಾಸ ಇರುವುದು ಹಿಂತಿರುಗಿದ ಮೌಲ್ಯದಲ್ಲಿ ಮಾತ್ರ. ಅದನ್ನು ಎಸೆದವರ ಕೈಯಲ್ಲಿ ಉಳಿಯುವುದು ಬೇರೆಯವರ ಪಾಲಾಗಿರಬಹುದಾದ ಹಳೆಯ ವಿಳಾಸ. ಇದನ್ನು ಬೇಕೆಂದೇ ಎಸೆಯುವ ಸನ್ನಿವೇಶವನ್ನು ಊಹಿಸುವುದೂ ಕಷ್ಟ. ಎಚ್ಚರಿಕೆಯ ಗುರುತು ಯಾವುದಕ್ಕೆ ತಕ್ಕದ್ದು ಎಂದು ವಿವರಿಸುವಾಗ ಜಿಸಿಸಿಯ ಕೈಪಿಡಿಯೂ ಇದೇ ಫಂಕ್ಷನ್‌ನ ಉದಾಹರಣೆ ಕೊಡುತ್ತದೆ.

ಎರಡನೆಯ ಬಗೆ ಇದಕ್ಕಿಂತ ಮೋಸದ್ದು: ಸಾಮಾನ್ಯವಾಗಿ ಸೋಲದೆ, ಶತ್ರು ಬಯಸಿದಾಗ ಮಾತ್ರ ಸೋಲುವ ಕರೆಗಳು. ಸೆಟ್‌ಯುಐಡಿ ಅಂಥದ್ದು. ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿ, ಶುರುವಾದ ಪ್ರೋಗ್ರಾಮ್ ಅದನ್ನು ಕರೆದು ಸಾಮಾನ್ಯ ಬಳಕೆದಾರನ ಮಟ್ಟಕ್ಕೆ ಇಳಿಯುತ್ತದೆ. ಅಧಿಕಾರ ಬಿಟ್ಟುಕೊಡುವುದನ್ನು ಯಾರು ತಡೆಯುತ್ತಾರೆ ಎಂದು ಅನ್ನಿಸುವುದು ಸಹಜ. ಆದರೆ ಅಂದಿನ ಲಿನಕ್ಸ್‌ನಲ್ಲಿ, ಯಾವ ಬಳಕೆದಾರನ ಹೆಸರಿಗೆ ಇಳಿಯಬೇಕೋ ಅವನ ಹೆಸರಿನಲ್ಲಿ ಆಗಲೇ ಮಿತಿಯಷ್ಟು ಪ್ರಕ್ರಿಯೆಗಳು ಓಡುತ್ತಿದ್ದರೆ ಈ ಕರೆ ಸೋಲುತ್ತಿತ್ತು. 2010ರಲ್ಲಿ ಆಂಡ್ರಾಯ್ಡ್ ಫೋನ್‌ಗಳ ಮೇಲೆ ನಡೆದ ಪ್ರಸಿದ್ಧ ದಾಳಿ ಇದನ್ನೇ ಹಿಡಿದುಕೊಂಡಿತು. ಸಾಮಾನ್ಯ ಶೆಲ್ ಬಳಕೆದಾರನಾಗಿ ಮಿತಿ ಮುಟ್ಟುವವರೆಗೆ ಪ್ರಕ್ರಿಯೆಗಳನ್ನು ಹುಟ್ಟಿಸುವುದು, ಆಮೇಲೆ ಡೀಬಗ್ ಸೇವೆಯನ್ನು ಕೊಲ್ಲುವುದು. ಆ ಸೇವೆ ರೂಟ್ ಆಗಿ ಮತ್ತೆ ಏಳುತ್ತದೆ, ಸೆಟ್‌ಯುಐಡಿ ಕರೆಯುತ್ತದೆ, ಕರೆ ಸೋಲುತ್ತದೆ. ಉತ್ತರವನ್ನು ಯಾರೂ ನೋಡದ ಕಾರಣ ಸೇವೆ ರೂಟ್ ಆಗಿಯೇ ಮುಂದುವರಿಯುತ್ತದೆ. ಪರೀಕ್ಷೆಯ ಒಂದು ಸಾಲು ಇದ್ದಿದ್ದರೆ ಈ ದಾಳಿ ಅಲ್ಲಿಗೇ ನಿಲ್ಲುತ್ತಿತ್ತು. 2011ರಲ್ಲಿ ಲಿನಕ್ಸ್ 3.1 ಈ ಮಿತಿಯ ಪರೀಕ್ಷೆಯನ್ನು ಸೆಟ್‌ಯುಐಡಿಯಿಂದ ತೆಗೆದು, ಮುಂದೆ ಹೊಸ ಪ್ರೋಗ್ರಾಮ್ ಓಡಿಸುವ ಹಂತಕ್ಕೆ ಸರಿಸಿತು. ಉತ್ತರ ನೋಡದ ಪ್ರೋಗ್ರಾಮ್‌ಗಳು ಎಷ್ಟಿವೆಯೋ ಎಂದು ತಿಳಿಯದಿದ್ದಾಗ ಕರ್ನಲ್‌ನ ನಡವಳಿಕೆಯನ್ನೇ ಬದಲಿಸುವುದು ಹೆಚ್ಚು ಸುರಕ್ಷಿತ ಎಂಬ ಲೆಕ್ಕ.

ಮೂರನೆಯದು ನಿತ್ಯದ ಬಗೆ. ರೈಟ್ ಎಂಬ ಸಿಸ್ಟಮ್ ಕರೆಗೆ ಸಾವಿರ ಬೈಟ್ ಕೊಟ್ಟರೆ ಅದು ಆರುನೂರನ್ನು ಮಾತ್ರ ಬರೆದು ‘ಆರುನೂರು’ ಎಂದು ಹೇಳುವ ಹಕ್ಕು ಹೊಂದಿದೆ. ಡಿಸ್ಕ್ ತುಂಬಿರಬಹುದು, ಪೈಪ್‌ನ ಆ ತುದಿ ನಿಧಾನವಾಗಿರಬಹುದು. ಕೇಳದವರ ಕಡತದಲ್ಲಿ ಕೊನೆಯ ನಾನೂರು ಬೈಟ್ ಇರುವುದಿಲ್ಲ, ಇಲ್ಲವೆಂದು ತಿಳಿಯುವುದು ಆ ಕಡತವನ್ನು ತೆರೆಯುವ ದಿನ.

ಹಾಗಾದರೆ ಎಲ್ಲಕ್ಕೂ ಎಚ್ಚರಿಸಬಾರದೇಕೆ?

ಸಿಯ ಮಾನಕ ಲೈಬ್ರರಿಯೇ ಇದಕ್ಕೆ ಅಡ್ಡ ಬರುತ್ತದೆ. ಸ್ಟ್ರಿಂಗ್‌ಗಳನ್ನು ಮತ್ತು ಮೆಮೊರಿಯನ್ನು ನಕಲು ಮಾಡುವ ಫಂಕ್ಷನ್‌ಗಳು ನಾವು ಕೊಟ್ಟ ವಿಳಾಸವನ್ನೇ ಹಿಂದಕ್ಕೆ ಕೊಡುತ್ತವೆ. ಕರೆಯೊಳಗೆ ಕರೆ ಹೆಣೆಯಲು ಅನುಕೂಲವಾಗಲಿ ಎಂಬುದಷ್ಟೇ ಅದರ ಉದ್ದೇಶ. ಸೋಲಿನ ಸುದ್ದಿ ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಎಸೆಯುವುದು ತಪ್ಪಲ್ಲ, ಸರಿಯಾದ ರೂಢಿ. ಇಂಥವುಗಳಿಗೂ ಎಚ್ಚರಿಕೆ ಕೊಟ್ಟರೆ ಮಧ್ಯಮ ಗಾತ್ರದ ಪ್ರೋಗ್ರಾಮ್ ಕೂಡ ಸಾವಿರಾರು ಸಾಲು ಗೊಣಗುತ್ತದೆ, ಆ ಗೊಣಗಾಟದ ನಡುವೆ ರಿಯಾಲಾಕ್‌ನ ಒಂದು ಸಾಲು ಕಾಣದೇ ಹೋಗುತ್ತದೆ.

ಪ್ರಿಂಟ್‌ಎಫ್‌ನ ಕಥೆ ಸ್ವಲ್ಪ ಸೂಕ್ಷ್ಮ. ಅದು ಮುದ್ರಿಸಿದ ಅಕ್ಷರಗಳ ಎಣಿಕೆಯನ್ನು ಅಥವಾ ಸೋತರೆ ಋಣಾತ್ಮಕ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ನೋಡಿದರೂ ಬಹಳ ಪ್ರಯೋಜನವಿಲ್ಲ. ಲಿನಕ್ಸ್‌ನಲ್ಲಿ ‘ಡಿಸ್ಕ್ ತುಂಬಿದೆ’ ಎಂದು ಯಾವಾಗಲೂ ಉತ್ತರಿಸುವ, ಪರೀಕ್ಷೆಗೆಂದೇ ಇಟ್ಟಿರುವ ಒಂದು ಸಾಧನ ಕಡತವಿದೆ, ಹೆಸರು ‘ಫುಲ್’. ‘ಹಲೋ ವರ್ಲ್ಡ್’ ಎಂಬ ಮೊದಲ ಪಾಠದ ಪ್ರೋಗ್ರಾಮ್‌ನ ಔಟ್‌ಪುಟ್ ಅನ್ನು ಅದಕ್ಕೆ ತಿರುಗಿಸಿದರೆ ಏನೂ ಬರೆಯಲಾಗುವುದಿಲ್ಲ, ಆದರೂ ಪ್ರೋಗ್ರಾಮ್ ಯಶಸ್ಸು ಎಂದೇ ವರದಿ ಮಾಡಿ ಮುಗಿಯುತ್ತದೆ. ಪ್ರಿಂಟ್‌ಎಫ್ ಅಕ್ಷರಗಳನ್ನು ಬಫರ್ ಎಂಬ ತಾತ್ಕಾಲಿಕ ಸಂಗ್ರಹಕ್ಕೆ ಹಾಕಿ ತನ್ನ ಮಟ್ಟಿಗೆ ಗೆದ್ದಿತು. ನಿಜವಾದ ಬರವಣಿಗೆ ನಡೆದದ್ದು, ಸೋತದ್ದು, ಪ್ರೋಗ್ರಾಮ್ ಮುಗಿಯುವ ಗಳಿಗೆಯಲ್ಲಿ ಬಫರ್ ಖಾಲಿ ಮಾಡುವಾಗ. ಆದ್ದರಿಂದ ಪ್ರತಿ ಪ್ರಿಂಟ್‌ಎಫ್‌ಗೂ ಪರೀಕ್ಷೆ ಬರೆದವರು ಕಷ್ಟಪಟ್ಟರೂ ಈ ದೋಷವನ್ನು ಹಿಡಿಯಲಾರರು. ಕೊನೆಯಲ್ಲಿ ಒಮ್ಮೆ ಸ್ಟ್ರೀಮ್ ಮುಚ್ಚಿ ಉತ್ತರ ನೋಡಿದವರು ಹಿಡಿಯುತ್ತಾರೆ. ಗ್ನೂ ಕೋರ್‌ಯುಟಿಲ್ಸ್‌ನ ಆಜ್ಞೆಗಳು ಮಾಡುವುದು ಇದನ್ನೇ.

ಇಷ್ಟಾದರೂ ‘ಎಲ್ಲಕ್ಕೂ’ ಎಂದು ಹೇಳುವವರು ಇದ್ದಾರೆ. ವಾಹನಗಳಂಥ ಸುರಕ್ಷತಾ ವ್ಯವಸ್ಥೆಗಳಿಗಾಗಿ ಹುಟ್ಟಿದ ಮಿಸ್ರಾ ಮಾರ್ಗಸೂಚಿಯ 2012ರ ಆವೃತ್ತಿಯಲ್ಲಿ 17.7ನೇ ನಿಯಮ ಅದನ್ನೇ ಕೇಳುತ್ತದೆ: ವಾಯ್ಡ್ ಅಲ್ಲದ ಯಾವ ಫಂಕ್ಷನ್‌ನ ಮೌಲ್ಯವನ್ನೂ ಬಳಸದೆ ಬಿಡಬಾರದು. ಬೇಡವಾದರೆ ವಾಯ್ಡ್‌ಗೆ ಪರಿವರ್ತಿಸಿ ಅದನ್ನು ಬಹಿರಂಗವಾಗಿ ಹೇಳಬೇಕು. ಕೋಡ್ ಚಿಕ್ಕದಾಗಿರುವ, ಸಾಲು ಸಾಲಿಗೂ ಲೆಕ್ಕಪರಿಶೋಧನೆ ಇರುವ ಕ್ಷೇತ್ರಕ್ಕೆ ಇದು ಹೊಂದುತ್ತದೆ. ಉಳಿದವರು ಇದನ್ನು ಅನುಕರಿಸಿದರೆ ಲಿಂಟ್ ಕಾಲದ ಯಾಂತ್ರಿಕ ಅಲಂಕಾರವೇ ಮರಳಿ ಬರುವ ಸಾಧ್ಯತೆ ಹೆಚ್ಚು.

ಯಂತ್ರಕ್ಕೊಂದು ನ್ಯಾಯ

ಎಲ್ಲಕ್ಕೂ ಅಲ್ಲದಿದ್ದರೆ ಆಯ್ದ ಕೆಲವಕ್ಕೆ. ಆಯ್ಕೆ ಮಾಡುವವರು ಫಂಕ್ಷನ್ ಬರೆದವರು. 2004ರಲ್ಲಿ ಬಂದ ಜಿಸಿಸಿ 3.4 ಅದಕ್ಕೆ ‘ವಾರ್ನ್ ಅನ್‌ಯೂಸ್ಡ್ ರಿಸಲ್ಟ್’ ಎಂಬ ಗುರುತನ್ನು ಒದಗಿಸಿತು. ಘೋಷಣೆಗೆ ಈ ಗುರುತು ಹಚ್ಚಿದ್ದರೆ, ಉತ್ತರ ಎಸೆದ ಪ್ರತಿ ಕರೆಗೂ ಎಚ್ಚರಿಕೆ ಬರುತ್ತದೆ. ಪ್ರತ್ಯೇಕವಾಗಿ ಯಾವ ಆಯ್ಕೆಯನ್ನೂ ಒತ್ತಬೇಕಿಲ್ಲ.

ಗೊಂದಲದ ಮೊದಲ ಗಂಟು ಇಲ್ಲಿ ಬೀಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಗ್ನೂ ಸಿ ಲೈಬ್ರರಿ ಈ ಗುರುತನ್ನು ಬಹಳಷ್ಟು ಫಂಕ್ಷನ್‌ಗಳಿಗೆ ನೇರವಾಗಿ ಹಚ್ಚದೆ ಒಂದು ಮ್ಯಾಕ್ರೊ (ಕಂಪೈಲ್ ಆಗುವಾಗ ಬೇರೆ ಪಠ್ಯವಾಗಿ ಬದಲಾಗುವ ಹೆಸರು) ಮೂಲಕ ಹಚ್ಚಿದೆ. ‘ಫೋರ್ಟಿಫೈ ಸೋರ್ಸ್’ ಎಂಬ ಭದ್ರತಾ ವ್ಯವಸ್ಥೆ ಚಾಲನೆಯಲ್ಲಿದ್ದರೆ ಮಾತ್ರ ಆ ಮ್ಯಾಕ್ರೊಗೆ ಅರ್ಥವಿರುತ್ತದೆ, ಇಲ್ಲದಿದ್ದರೆ ಅದು ಖಾಲಿ. ಫೋರ್ಟಿಫೈ ಕೆಲಸ ಮಾಡಲು ಕಂಪೈಲರ್‌ನ ಆಪ್ಟಿಮೈಸೇಶನ್, ಅಂದರೆ ಕೋಡನ್ನು ವೇಗಗೊಳಿಸುವ ಹಂತ, ಬೇಕು. ಲಿನಕ್ಸ್‌ನ ಒಂದು ರೂಪವಾದ ಉಬುಂಟು ತನ್ನ ಕಂಪೈಲರ್‌ನಲ್ಲಿ ಫೋರ್ಟಿಫೈಯನ್ನು ಮೊದಲೇ ಹಾಕಿ ಕೊಡುತ್ತದೆ, ಅದೇ ಜಿಸಿಸಿಯನ್ನು ಮೂಲದಿಂದ ಕಟ್ಟಿಕೊಂಡವರಿಗೆ ಅದು ಸಿಗುವುದಿಲ್ಲ. ಪರಿಣಾಮಗಳನ್ನು ಸರಪಳಿಯಂತೆ ಜೋಡಿಸಿಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಉಬುಂಟುವಿನಲ್ಲಿ ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದರೆ ರೀಡ್, ರೈಟ್, ಸಿಸ್ಟಮ್, ಸ್ಕ್ಯಾನ್‌ಎಫ್ ಯಾವುದಕ್ಕೂ ಸದ್ದಿಲ್ಲ. ಅದೇ ಕೋಡ್ ಬಿಡುಗಡೆಗೆಂದು ಎರಡನೇ ಹಂತದ ಆಪ್ಟಿಮೈಸೇಶನ್‌ನೊಂದಿಗೆ ಹೋದಾಗ ಎಲ್ಲಕ್ಕೂ ಎಚ್ಚರಿಕೆ. ಬೇರೊಬ್ಬರ ಯಂತ್ರದಲ್ಲಿ ಎರಡೂ ಸಂದರ್ಭಗಳಲ್ಲಿ ಮೌನ. ಡೆವಲಪರ್ ದಿನವಿಡೀ ಕೆಲಸ ಮಾಡುವುದು ಡೀಬಗ್ ಬಿಲ್ಡ್‌ನಲ್ಲಿ. ಎಚ್ಚರಿಕೆ ಅವರಿಗೆ ಕಾಣದೆ, ಪ್ಯಾಕೇಜ್ ಮಾಡುವವರಿಗೆ ಕಾಣುತ್ತದೆ. ಕೋಡ್ ಬರೆದವರ ಕಣ್ಣಿಗೆ ಮೊದಲು ಬೀಳಬೇಕಾದ ಸಂದೇಶ ಹೀಗೆ ಕೊನೆಯವರ ತಲೆಗೆ ಬೀಳುವುದು ಈ ವಿನ್ಯಾಸದ ದೊಡ್ಡ ದೌರ್ಬಲ್ಯ.

ಎರಡನೆಯ ಗಂಟು ಆಯ್ಕೆಯದೇ. ಎಫ್‌ರೀಡ್‌ಗೆ ಗುರುತಿದೆ, ಎಫ್‌ರೈಟ್‌ಗೆ ಇಲ್ಲ. ಪ್ರಿಂಟ್‌ಎಫ್‌ನ ತರ್ಕವನ್ನೇ ಇಲ್ಲಿಗೂ ಅನ್ವಯಿಸಿದರೆ ಇದು ಅಷ್ಟು ವಿಚಿತ್ರವಲ್ಲ. ಓದಿದ್ದೆಷ್ಟು ಎಂದು ತಿಳಿಯದೆ ಬಫರ್ ಬಳಸಿದರೆ ಆ ಕ್ಷಣವೇ ಕಸವನ್ನು ಬಳಸಿದಂತೆ. ಬರೆಯುವಾಗ ದೋಷ ಸ್ಟ್ರೀಮ್‌ನೊಳಗೆ ದಾಖಲಾಗಿ ಉಳಿಯುತ್ತದೆ, ಕೊನೆಯಲ್ಲಿ ಒಮ್ಮೆ ಕೇಳಿದರೂ ಸಾಕು. ಆದರೆ ಕೊನೆಯಲ್ಲಿ ಕೇಳಬೇಕಾದ ಆ ಎಫ್‌ಕ್ಲೋಸ್‌ಗೂ ಗುರುತಿಲ್ಲ. ಇಲ್ಲಿ ತರ್ಕ ಅರ್ಧ ದಾರಿಯಲ್ಲಿ ನಿಂತಿದೆ.

ವಾಯ್ಡ್ ಹಚ್ಚಿದರೆ ಸುಮ್ಮನಾಗಬೇಕೆ?

ಜಗಳದ ತಿರುಳು ಇದು. ಉತ್ತರ ಬೇಡವೆಂದು ನಿಜವಾಗಿಯೂ ತೀರ್ಮಾನಿಸಿದವರು ಏನು ಮಾಡಬೇಕು? ಕುಸಿದು ಬೀಳುತ್ತಿರುವ ಪ್ರೋಗ್ರಾಮ್ ಕೊನೆಯ ಸಂದೇಶವೊಂದನ್ನು ದೋಷದ ಔಟ್‌ಪುಟ್‌ಗೆ ಬರೆಯುತ್ತಿದೆ ಎನ್ನೋಣ. ಆ ಬರವಣಿಗೆಯೂ ಸೋತರೆ ಯಾರಿಗೆ ದೂರು ಕೊಡುವುದು? ಇಲ್ಲಿ ಎಸೆಯುವುದೇ ಸರಿ. ಮಿಸ್ರಾ ಹೇಳುವಂತೆ, ಸಿ ಪ್ರೋಗ್ರಾಮರ್‌ಗಳ ಹಳೆಯ ಅಭ್ಯಾಸವೂ ಹೇಳುವಂತೆ, ಕರೆಯ ಮುಂದೆ ವಾಯ್ಡ್ ಹಚ್ಚುತ್ತಾರೆ. ಕ್ಲ್ಯಾಂಗ್ ಒಪ್ಪಿಕೊಳ್ಳುತ್ತದೆ. ಜಿಸಿಸಿ ತನ್ನ ಹಳೆಯ ಗುರುತಿನ ವಿಷಯದಲ್ಲಿ ಒಪ್ಪುವುದಿಲ್ಲ, ಎಚ್ಚರಿಕೆ ಹಾಗೆಯೇ ಬರುತ್ತದೆ. ಸುಮಾರು ಇಪ್ಪತ್ತು ವರ್ಷಗಳಿಂದ ಈ ದೂರು ಜಿಸಿಸಿಯ ದೋಷಪಟ್ಟಿಯಲ್ಲಿ ಸುತ್ತುತ್ತಿದೆ.

ಜಿಸಿಸಿಯ ಪರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಗುರುತು ಇರುವುದೇ ಉತ್ತರ ಎಸೆಯುವುದು ಭದ್ರತಾ ಸಮಸ್ಯೆ ಅಥವಾ ಖಚಿತವಾದ ದೋಷ ಎನ್ನುವಂಥ ಫಂಕ್ಷನ್‌ಗಳಿಗೆ ಎಂಬುದು ಕೈಪಿಡಿಯ ನಿಲುವು. ಯಾವಾಗಲೂ ದೋಷವೇ ಆಗಿರುವ ಕೆಲಸಕ್ಕೆ ಸುಲಭದ ಅನುಮತಿ ಚೀಟಿ ಏಕೆ? ಅದರ ಮೇಲೆ, ಲಿಂಟ್ ಕಾಲದಲ್ಲಿ ಕಣ್ಣುಮುಚ್ಚಿ ಹಚ್ಚಿದ ವಾಯ್ಡ್‌ಗಳಿಗೆ ಬೆಲೆ ಕೊಟ್ಟರೆ ಹಳೆಯ ಕೋಡ್‌ಗೆ ಪೂರ್ತಿ ವಿನಾಯಿತಿ ಸಿಕ್ಕಿಬಿಡುತ್ತದೆ, ಎಚ್ಚರಿಕೆ ಹೆಚ್ಚು ಬೇಕಿರುವುದು ಅಲ್ಲಿಯೇ. ಲಿನಕ್ಸ್ ಕರ್ನಲ್ ಕೂಡ ಇದೇ ಗುರುತನ್ನು ‘ಮಸ್ಟ್ ಚೆಕ್’ ಎಂಬ ತನ್ನ ಹೆಸರಿನಲ್ಲಿ ಬಳಸುತ್ತದೆ. ಹೆಸರೇ ಹೇಳುವಂತೆ ಅಲ್ಲಿ ಅದು ಸಲಹೆಯಲ್ಲ, ಕಟ್ಟಳೆ.

ಎದುರು ವಾದ ಆರಂಭವಾಗುವುದು ವಾಸ್ತವದಿಂದ. ಗುರುತು ರಿಯಾಲಾಕ್‌ನಂಥವಕ್ಕೆ ಸೀಮಿತವಾಗಿ ಉಳಿಯಲಿಲ್ಲ. ರೈಟ್‌ಗೂ ಬಂತು, ಸಿಸ್ಟಮ್‌ಗೂ ಬಂತು. ಅವುಗಳ ಉತ್ತರ ಎಸೆಯುವುದು ಬಹುಪಾಲು ತಪ್ಪಾದರೂ ಯಾವಾಗಲೂ ತಪ್ಪಲ್ಲ. ಸರಿಯಾದ ದಾರಿ ಮುಚ್ಚಿದಾಗ ಜನ ಗೋಡೆ ಹಾರುತ್ತಾರೆ. ಉತ್ತರವನ್ನು ‘ಇಫ್’ ಒಳಗೆ ಹಾಕಿ ಒಡಲನ್ನು ಖಾಲಿ ಬಿಡುತ್ತಾರೆ. ಕರೆಯ ಮುಂದೆ ಆಶ್ಚರ್ಯಸೂಚಕ ಹಾಕಿ, ಅಂದರೆ ಮೌಲ್ಯವನ್ನು ಸತ್ಯ–ಸುಳ್ಳಾಗಿ ತಿರುಗಿಸಿ, ಆ ಫಲಿತಾಂಶವನ್ನು ವಾಯ್ಡ್ ಮಾಡುತ್ತಾರೆ. ಮೌಲ್ಯವನ್ನು ‘ಬಳಸಿ’ ಆಗಿರುವುದರಿಂದ ಜಿಸಿಸಿ ಬಾಯಿ ಮುಚ್ಚುತ್ತದೆ. ಗ್ನೂ ಯೋಜನೆಯ ಸಾಮಾನ್ಯ ಕೋಡ್ ಸಂಗ್ರಹದಲ್ಲೇ ‘ಇಗ್ನೋರ್ ವ್ಯಾಲ್ಯೂ’ ಎಂಬ ಹೆಸರಿನ ಸಿದ್ಧ ಉಪಾಯವಿದೆ. ಜಿಸಿಸಿ ಕೂಡ ಅದೇ ಗ್ನೂ ಯೋಜನೆಯದು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದೇ ಮನೆಯ ಒಂದು ಕೋಣೆಯಲ್ಲಿ ಬೀಗ, ಇನ್ನೊಂದರಲ್ಲಿ ಅದರ ಕಳ್ಳ ಕೀಲಿ.

ಈ ಉಪಾಯಗಳು ಬೇಕೆಂದೇ ಬಿಟ್ಟದ್ದನ್ನು ಪರೀಕ್ಷೆಯಂತೆ ತೋರಿಸುತ್ತವೆ, ಅದೇ ಅವುಗಳ ದೊಡ್ಡ ಕೆಡುಕು. ವಾಯ್ಡ್ ಇದ್ದರೆ ಮುಂದೆ ಓದುವವರಿಗೆ ‘ಇವರು ಬೇಕೆಂದೇ ಬಿಟ್ಟಿದ್ದಾರೆ’ ಎಂದು ತಿಳಿಯುತ್ತದೆ, ಹುಡುಕಿದರೆ ಸಿಗುತ್ತದೆ, ಪ್ರಶ್ನಿಸಬಹುದು. ಖಾಲಿ ‘ಇಫ್’ ಇದ್ದರೆ ಯಾರೋ ಪರೀಕ್ಷೆ ಬರೆಯಲು ಹೊರಟು ಮರೆತರೋ, ಒಡಲನ್ನು ಯಾರಾದರೂ ಅಳಿಸಿದರೋ ತಿಳಿಯದು. ಕಂಪೈಲರ್‌ನ ಹಟ ಕೋಡ್‌ನಲ್ಲಿದ್ದ ಮಾಹಿತಿಯನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಿದೆ. ಈ ಕಾರಣಕ್ಕೆ ಎರಡನೆಯ ಪಕ್ಷದ ವಾದವೇ ಗಟ್ಟಿ ಎನ್ನಬೇಕಾಗುತ್ತದೆ.

ಮಾನಕ ಸಮಿತಿಗಳೂ ಆ ಕಡೆಗೇ ವಾಲಿವೆ. ಸಿ++17ರಲ್ಲಿ ನೋಡಿಸ್ಕಾರ್ಡ್ ಬಂದಾಗಲೇ, ವಾಯ್ಡ್‌ಗೆ ಸ್ಪಷ್ಟವಾಗಿ ಪರಿವರ್ತಿಸಿದರೆ ಎಚ್ಚರಿಸಬೇಕಿಲ್ಲ ಎಂಬ ತಿಳಿವಳಿಕೆ ಜತೆಗಿತ್ತು. 2024ರಲ್ಲಿ ಅಧಿಕೃತವಾಗಿ ಪ್ರಕಟವಾದ ಸಿ23 ಅದನ್ನೇ ಅನುಸರಿಸಿದೆ. ಜಿಸಿಸಿ ಇದನ್ನು ಪಾಲಿಸುತ್ತದೆ, ಆದರೆ ನೋಡಿಸ್ಕಾರ್ಡ್‌ಗೆ ಮಾತ್ರ. ಹಳೆಯ ಗುರುತಿನ ನಡವಳಿಕೆಯನ್ನು ಇದ್ದಂತೆಯೇ ಉಳಿಸಿಕೊಂಡಿದೆ. ವಾಯ್ಡ್ ಕೆಲವೊಮ್ಮೆ ಕೆಲಸ ಮಾಡಿ ಕೆಲವೊಮ್ಮೆ ಮಾಡದಿರುವುದಕ್ಕೆ ಇದೇ ಕಾರಣ: ಹೆಡರ್ (ಫಂಕ್ಷನ್‌ಗಳ ಘೋಷಣೆಗಳಿರುವ ಕಡತ) ಬರೆದವರು ಎರಡರಲ್ಲಿ ಯಾವ ಗುರುತು ಹಚ್ಚಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ, ಕರೆಯುವವರಿಗೆ ಅದು ಮೇಲ್ನೋಟಕ್ಕೆ ಕಾಣುವುದಿಲ್ಲ.

ಬಳಸಿದ್ದು ಬೇರೆ, ಪರೀಕ್ಷಿಸಿದ್ದು ಬೇರೆ

ಎರಡೂ ಪಕ್ಷಗಳು ಹೆಚ್ಚು ಮಾತನಾಡದ ಮಿತಿಯೊಂದಿದೆ. ಮೌಲ್ಯ ನೆಲಕ್ಕೆ ಬಿದ್ದಿತೋ ಇಲ್ಲವೋ ಎಂಬುದಷ್ಟೇ ಕಂಪೈಲರ್‌ಗೆ ಕಾಣುತ್ತದೆ. ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿರೋ ಎಂಬುದು ಅದಕ್ಕೆ ನಿಲುಕದು.

ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 2009ರ ಜನವರಿಯಲ್ಲಿ ಪ್ರಕಟಿಸಿದ ಭದ್ರತಾ ದೋಷ ಇದಕ್ಕೆ ಒಳ್ಳೆಯ ಪಾಠ. ಡಿಜಿಟಲ್ ಸಹಿಯನ್ನು ಪರಿಶೀಲಿಸುವ ಅದರ ಒಂದು ಫಂಕ್ಷನ್ ಮೂರು ಬಗೆಯಲ್ಲಿ ಉತ್ತರಿಸುತ್ತದೆ. ಸಹಿ ಸರಿಯಿದ್ದರೆ ಒಂದು, ತಪ್ಪಿದ್ದರೆ ಸೊನ್ನೆ, ಪರಿಶೀಲನೆಯೇ ಎಡವಿದರೆ ಋಣಾತ್ಮಕ ಒಂದು. ಕರೆದ ಕಡೆಗಳಲ್ಲಿ ಉತ್ತರವನ್ನು ನೋಡಿಯೇ ಇದ್ದರು, ಆದರೆ ‘ಸೊನ್ನೆಯಾದರೆ ಸೋಲು’ ಎಂದು ಮಾತ್ರ. ಸಿಯಲ್ಲಿ ಸೊನ್ನೆಯಲ್ಲದ್ದೆಲ್ಲ ಸತ್ಯ, ಹಾಗಾಗಿ ಋಣಾತ್ಮಕ ಒಂದು ಗೆಲುವಿನ ಸಾಲಿಗೆ ಸೇರಿತು. ವಿಕೃತಗೊಳಿಸಿದ ಸಹಿಯೊಂದನ್ನು ಕಳಿಸಿ ಪರಿಶೀಲನೆಯನ್ನು ಎಡವಿಸಿದರೆ ಅದು ಅಸಲಿಯೆಂದೇ ಸ್ವೀಕೃತವಾಗುತ್ತಿತ್ತು. ಉತ್ತರವನ್ನು ಎಸೆದಿಲ್ಲವಾದ್ದರಿಂದ ಯಾವ ಗುರುತೂ ಇಲ್ಲಿ ಎಚ್ಚರಿಸುತ್ತಿರಲಿಲ್ಲ.

ಸರಿಯಾಗಿ ಪರೀಕ್ಷಿಸಿದವರಿಗೂ ಮುಂದಿನ ಹೆಜ್ಜೆ ತಿಳಿದಿರುತ್ತದೆ ಎಂದಲ್ಲ. ದತ್ತಾಂಶವನ್ನು ಡಿಸ್ಕ್‌ಗೆ ಖಚಿತವಾಗಿ ಇಳಿಸಲು ಕರೆಯುವ ಎಫ್‌ಸಿಂಕ್ ಸೋತರೆ ಮತ್ತೊಮ್ಮೆ ಕರೆದು ನೋಡುವುದು ಸಹಜ ಬುದ್ಧಿ. ಲಿನಕ್ಸ್‌ನಲ್ಲಿ ಎರಡನೆಯ ಕರೆ ಗೆದ್ದೆನೆಂದು ಹೇಳಬಹುದು, ಮೊದಲ ಬಾರಿ ಇಳಿಯದ ದತ್ತಾಂಶ ಮಾತ್ರ ಡಿಸ್ಕ್ ತಲುಪಿರುವುದಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ತಂಡಕ್ಕೆ ಇದು ಮನದಟ್ಟಾದಾಗ, ಎಫ್‌ಸಿಂಕ್ ಸೋತರೆ ಡೇಟಾಬೇಸನ್ನೇ ನಿಲ್ಲಿಸಿ ಲಾಗ್‌ನಿಂದ ಚೇತರಿಸಿಕೊಳ್ಳುವ ಕ್ರಮಕ್ಕೆ ಬದಲಾದರು. ಕ್ಲೋಸ್ ಕರೆಯ ಪಾಡು ಇನ್ನೂ ಇಕ್ಕಟ್ಟಿನದು. ಅದು ಸೋತೆನೆಂದು ಹೇಳಿದರೂ ಲಿನಕ್ಸ್‌ನಲ್ಲಿ ಕಡತದ ಸಂಖ್ಯೆ ಬಿಡುಗಡೆಯಾಗಿರುತ್ತದೆ. ಮತ್ತೆ ಕರೆದರೆ ಅಷ್ಟರೊಳಗೆ ಬೇರೊಂದು ಥ್ರೆಡ್‌ಗೆ ಸಿಕ್ಕಿರುವ ಅದೇ ಸಂಖ್ಯೆಯ ಕಡತವನ್ನು ಮುಚ್ಚುವ ಅಪಾಯ. ಉತ್ತರ ನೋಡಿ ವರದಿ ಮಾಡಬಹುದು, ಅದಕ್ಕಿಂತ ಹೆಚ್ಚಿನದನ್ನು ಮಾಡಲಾಗದು.

ಬೇರೆ ಭಾಷೆಗಳ ದಾರಿ

ಹೊಸ ಭಾಷೆಗಳು ರೂಢಿಯನ್ನೇ ತಲೆಕೆಳಗು ಮಾಡಿಕೊಂಡಿವೆ. 2016ರಲ್ಲಿ ಬಂದ ಸ್ವಿಫ್ಟ್ 3ರಿಂದ ಬಳಸದ ಮೌಲ್ಯಕ್ಕೆಲ್ಲ ಎಚ್ಚರಿಕೆ ಬರುತ್ತದೆ, ಎಸೆಯಬಹುದಾದವಕ್ಕೆ ಪ್ರತ್ಯೇಕ ಗುರುತು. ಜಿಗ್ ಭಾಷೆಯಲ್ಲಿ ಅದು ಎಚ್ಚರಿಕೆಯೂ ಅಲ್ಲ, ನೇರವಾಗಿ ದೋಷ. ರಸ್ಟ್ ಸೋಲು–ಗೆಲುವನ್ನು ಸೂಚಿಸುವ ವಿಧಕ್ಕೇ ಗುರುತು ಹಚ್ಚಿದೆ. ಗೋ ಭಾಷೆಯ ಕಂಪೈಲರ್ ಬಳಸದ ವೇರಿಯೇಬಲ್ ಕಂಡರೆ ಕಂಪೈಲ್ ಮಾಡಲು ನಿರಾಕರಿಸುತ್ತದೆ, ಆದರೆ ಫಂಕ್ಷನ್ ಹಿಂತಿರುಗಿಸಿದ ದೋಷವನ್ನು ಪೂರ್ತಿ ಎಸೆದು ಮುಂದೆ ಹೋದರೆ ಚಕಾರ ಎತ್ತುವುದಿಲ್ಲ. ಇವೆಲ್ಲದರಲ್ಲೂ ಎಸೆಯುವುದನ್ನು ಬಹಿರಂಗವಾಗಿ ಹೇಳುವ ಒಂದು ಒಪ್ಪಿತ ಬರವಣಿಗೆಯಿದೆ, ಕಂಪೈಲರ್‌ಗಳು ಅದನ್ನು ಗೌರವಿಸುತ್ತವೆ. ಸಿ++ ಸಮಿತಿಯ ನಡೆ ಇನ್ನೊಂದು ದಿಕ್ಕಿನದು. ತನ್ನ ಮಾನಕ ಲೈಬ್ರರಿಯ ಪಠ್ಯದಿಂದ ನೋಡಿಸ್ಕಾರ್ಡ್ ಗುರುತುಗಳನ್ನು ತೆಗೆದುಹಾಕಲು ಅದು 2024ರಲ್ಲಿ ಒಪ್ಪಿತು. ಎಲ್ಲಿ ಎಚ್ಚರಿಸಬೇಕೆಂಬುದು ಲೈಬ್ರರಿ ಕಟ್ಟುವವರ ವಿವೇಚನೆ, ಮಾನಕದ ಪಠ್ಯದಲ್ಲಿ ಚರ್ಚಿಸುತ್ತ ಕೂರುವ ವಿಷಯವಲ್ಲ ಎಂಬ ಧೋರಣೆ.

ಮುಂದೆ ಏನಾಗಬಹುದು?

ಸಿ23 ತಂದ ಅನುಕೂಲಗಳಲ್ಲಿ ಹೆಚ್ಚು ಗಮನ ಸೆಳೆಯದ ಒಂದಿದೆ. ನೋಡಿಸ್ಕಾರ್ಡನ್ನು ಫಂಕ್ಷನ್‌ಗೆ ಮಾತ್ರವಲ್ಲ, ಸ್ಟ್ರಕ್ಟ್, ಯೂನಿಯನ್ ಅಥವಾ ಈನಮ್ ವಿಧಕ್ಕೂ ಹಚ್ಚಬಹುದು. ‘ಸ್ಥಿತಿ’ ಎಂಬ ಈನಮ್‌ಗೆ ಒಮ್ಮೆ ಹಚ್ಚಿದರೆ ಅದನ್ನು ಹಿಂತಿರುಗಿಸುವ ಪ್ರತಿ ಫಂಕ್ಷನ್‌ಗೂ ಎಚ್ಚರಿಕೆ ತಾನಾಗಿ ಬರುತ್ತದೆ, ಹೊಸ ಫಂಕ್ಷನ್ ಬರೆಯುವವರು ಮರೆಯುವ ಪ್ರಶ್ನೆಯಿಲ್ಲ. ಸಂದೇಶದೊಂದಿಗೆ ಕಾರಣದ ಸಾಲನ್ನೂ ಸೇರಿಸಬಹುದು. ಆದರೆ ಸಿಯ ಬಹುಪಾಲು ದೋಷ ಸಂಕೇತಗಳು ಬರಿಯ ಪೂರ್ಣಾಂಕಗಳು, ಪೂರ್ಣಾಂಕ ವಿಧಕ್ಕೆ ಗುರುತು ಹಚ್ಚಲಾಗದು. ಹಳೆಯ ಲೈಬ್ರರಿಗಳು ಈ ಲಾಭ ಪಡೆಯಬೇಕಾದರೆ ಹಿಂತಿರುಗಿಸುವ ವಿಧವನ್ನೇ ಬದಲಿಸಬೇಕು. ಹೊಸದಾಗಿ ಶುರುವಾಗುವ ಯೋಜನೆಗಳಿಗೆ ಮಾತ್ರ ಇದು ಬಹುತೇಕ ಪುಕ್ಕಟೆ.

ಹಳೆಯ ಲೈಬ್ರರಿಗಳು ಮಾಡುವ ಸಾಧ್ಯತೆಯಿರುವ ಕೆಲಸ ಒಂದು ಮ್ಯಾಕ್ರೊ. ಸಿ23 ಇದ್ದರೆ ನೋಡಿಸ್ಕಾರ್ಡ್, ಇಲ್ಲದಿದ್ದರೆ ಜಿಸಿಸಿಯ ಹಳೆಯ ಗುರುತು, ಅದೂ ಇಲ್ಲದಿದ್ದರೆ ಏನೂ ಇಲ್ಲ. ಬುದ್ಧಿವಂತಿಕೆಯಂತೆ ಕಾಣುವ ಈ ಏಣಿ ಒಂದು ಹೊಸ ವಿಚಿತ್ರವನ್ನು ಹುಟ್ಟಿಸುತ್ತದೆ. ಅದೇ ಲೈಬ್ರರಿ, ಅದೇ ಕರೆ, ಅದೇ ವಾಯ್ಡ್. ಜಿಸಿಸಿ 15ರಲ್ಲಿ ಮೌನ, ಜಿಸಿಸಿ 14ರ ರೂಢಿಯ ಮಾನಕದಲ್ಲಿ ಎಚ್ಚರಿಕೆ. ನೋಡಿಸ್ಕಾರ್ಡ್ ಗುರುತು ಜಿಸಿಸಿ 11ರಿಂದಲೇ ಸಿಗುತ್ತಿರುವುದರಿಂದ, ಮಾನಕದ ಆವೃತ್ತಿಯನ್ನು ನೋಡುವ ಬದಲು ಕಂಪೈಲರ್‌ಗೆ ಆ ಗುರುತು ಗೊತ್ತೇ ಎಂದು ನೇರವಾಗಿ ಕೇಳುವ ಮ್ಯಾಕ್ರೊ ಬರೆದರೆ ಈ ವ್ಯತ್ಯಾಸ ಬಹುಮಟ್ಟಿಗೆ ತಪ್ಪುತ್ತದೆ. ಗ್ನೂ ಸಿ ಲೈಬ್ರರಿಯ ಹೆಡರ್‌ಗಳಲ್ಲಿ ಇರುವುದು ಹಳೆಯ ಗುರುತೇ ಆದ್ದರಿಂದ ರೀಡ್, ರೈಟ್‌ಗಳ ವಿಷಯದಲ್ಲಿ ಜಿಸಿಸಿ 15ಕ್ಕೆ ಹೋದವರಿಗೂ ಬಿಡುಗಡೆಯಿಲ್ಲ.

ಇನ್ನುಳಿದಿರುವುದು ಎಚ್ಚರಿಕೆಯನ್ನು ದೋಷವನ್ನಾಗಿ ಮಾಡುವ ಆಯ್ಕೆ. ತಂಡದೊಳಗಿನ ಪರೀಕ್ಷಾ ಬಿಲ್ಡ್‌ನಲ್ಲಿ, ಕಂಪೈಲರ್‌ನ ಆವೃತ್ತಿ ತಮ್ಮ ಕೈಯಲ್ಲಿರುವಾಗ, ಆಪ್ಟಿಮೈಸೇಶನ್ ಮತ್ತು ಫೋರ್ಟಿಫೈ ಎರಡನ್ನೂ ಹಾಕಿ ಈ ಆಯ್ಕೆಯನ್ನು ಇಡುವುದು ಒಳ್ಳೆಯದು. ಆಗ ಪ್ಯಾಕೇಜ್ ಮಾಡುವವರಿಗೆ ಕಾಣುವುದೆಲ್ಲ ಬರೆದವರಿಗೆ ಮೊದಲೇ ಕಾಣುತ್ತದೆ. ಅದೇ ಆಯ್ಕೆಯನ್ನು ಬಿಡುಗಡೆಯಾದ ಮೂಲ ಕೋಡ್‌ನ ಜತೆ ಕಳಿಸಿದರೆ, ಮುಂದಿನ ವರ್ಷದ ಯಾವುದೋ ಲೈಬ್ರರಿ ತನ್ನ ಯಾವುದೋ ಫಂಕ್ಷನ್‌ಗೆ ಹೊಸದಾಗಿ ಗುರುತು ಹಚ್ಚಿದ ದಿನ, ಒಂದಕ್ಷರವೂ ಬದಲಾಗದ ಪ್ರೋಗ್ರಾಮ್ ಅಪರಿಚಿತರ ಯಂತ್ರದಲ್ಲಿ ಕಂಪೈಲ್ ಆಗದೆ ನಿಲ್ಲುತ್ತದೆ. ಅದನ್ನು ಕಟ್ಟಲು ಹೊರಟವರು ಕೋಡ್ ತಿದ್ದಲು ಕೂರುವುದಿಲ್ಲ, ಎಚ್ಚರಿಕೆಗಳನ್ನೆಲ್ಲ ಒಂದೇ ಏಟಿಗೆ ಆರಿಸಿ ಬಿಲ್ಡ್ ಮುಗಿಸುತ್ತಾರೆ.